ಬಾಯಿ ನಮ್ಮದು, ಮಾತು ಅವರದು

ನಮ್ಮ ಸಣ್ಣವ್ವ ಪರದೆಯ ಮೇಲೆ ಬಾಯಿ ತೆರೆದಾಗ ಬೇರೆ ಯಾವಳೋ ಹೆಂಗಸು ಮಾತಾಡಿದಳು. ಎಷ್ಟು ಸಲ ನೆನೆದರೂ ಇದರ ಬಗ್ಗೆ ನನಗೆ ದುಃಖ ಬರುವುದಿಲ್ಲ, ಸಿಟ್ಟು ಬರುತ್ತದೆ. ಸಿಟ್ಟು ಆರಿದ ಮೇಲೆ ಬರೆಯೋಣವೆಂದು ಕಾದೆ. ಆರಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಸಾಲಿನಲ್ಲಿ ಒಂದು ಹಳೆಯ ಗೋದಾಮು ಇದೆ. ಮಿಲ್ಲು ನಿಂತ ಮೇಲೆ ನಮ್ಮ ಸಿನಿಮಾ ಬಳಗ ಅದನ್ನು ಬಾಡಿಗೆಗೆ ಹಿಡಿದು ಸಣ್ಣ ಚಿತ್ರಮಂದಿರ ಮಾಡಿಕೊಂಡಿದೆ. ಬೆಂಚುಗಳು ಯಾವುದೋ ಶಾಲೆಯವರು ಹೊರಗೆ ಹಾಕಿದಂಥವು. ಮೇಲೆ ತಗಡು. ಜೋರು ಮಳೆ ಬಂದರೆ ಸಿನಿಮಾ ನಿಲ್ಲಿಸಿ ಸುಮ್ಮನೆ ಕೂರಬೇಕು. ಬೇಸಿಗೆಯಲ್ಲಿ ಹೊತ್ತು ಇಳಿಯುವ ತನಕ ಬಾಗಿಲನ್ನೇ ತೆಗೆಯುವುದಿಲ್ಲ. ಗೋಡೆಯ ಬಿರುಕುಗಳಲ್ಲಿ ಈಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತದೆ. ಊರಿನ ಬೇರೆ ಟಾಕೀಸುಗಳಿಗೆ ಬಾರದ ಸಿನಿಮಾಗಳು ಇಲ್ಲಿ ಬರುತ್ತವೆ: ಇರಾನಿನವು, ಬಂಗಾಳದವು, ನಮ್ಮದೇ ಕಾಲೇಜಿನ ಹುಡುಗಿಯರು ಮೊಬೈಲಿನಲ್ಲಿ ತೆಗೆದವು. ಸಿನಿಮಾ ಇಲ್ಲದ ವಾರ ಫೋಟೊಗಳ ಪ್ರದರ್ಶನ, ಇಲ್ಲವೇ ಮಕ್ಕಳಿಗೆ ಶಿಬಿರ. ಸುತ್ತಲಿನ ಜನ ಇದನ್ನು ಗೋದಾಮು ಟಾಕೀಸು ಎಂದು ಕರೆಯುತ್ತಾರೆ. ಬಳಗದ ಅಧ್ಯಕ್ಷರಿಗೆ ಆ ಹೆಸರು ಹಿಡಿಸುವುದಿಲ್ಲ. ಅವರು ನಿವೃತ್ತ ಅಧ್ಯಾಪಕರು, ಪದವಿಯಲ್ಲಿ ನನಗೆ ಪಾಠ ಹೇಳಿದವರು. ಈಗಲೂ ನಾನು ಅವರನ್ನು ಸರ್ ಎಂದೇ ಕರೆಯುತ್ತೇನೆ.

ಗೋದಾಮಿನಲ್ಲಿ ನನ್ನ ಕೆಲಸ ಸಿನಿಮಾ ಹೇಳುವುದು. ಪರಭಾಷೆಯ ಸಿನಿಮಾಗಳ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ನಮ್ಮಲ್ಲಿಗೆ ಬರುವ ಅರ್ಧ ಜನಕ್ಕೆ ಅದನ್ನು ಓದಲು ಬರುವುದಿಲ್ಲ. ಕೆಲವರಿಗೆ ಕನ್ನಡವನ್ನೂ ಓದಲು ಬರುವುದಿಲ್ಲ. ಅದಕ್ಕೆ ನಾನು ಹಿಂದಿನ ಮೂಲೆಯ ಮೇಜಿನ ಮುಂದೆ ಮೈಕ್ ಹಿಡಿದು ಕೂತು, ಪಾತ್ರಗಳು ಆಡಿದ್ದನ್ನು ಆಗಿಂದಾಗ ಕನ್ನಡದಲ್ಲಿ ಹೇಳುತ್ತೇನೆ. ಸಿನಿಮಾದ ಸದ್ದನ್ನು ತಗ್ಗಿಸಲು ಮೇಜಿನ ಮೇಲೆ ಒಂದು ತಿರುಗುಗುಂಡಿ ಇದೆ. ಮನೆಯಲ್ಲಿ ಸಿನಿಮಾ ನೋಡಿ ಮಾತುಗಳನ್ನು ಮೊದಲೇ ಸಿದ್ಧ ಮಾಡಿಕೊಂಡು ಬರುತ್ತೇನೆ, ಆದರೆ ಹೇಳುವಾಗ ಕಣ್ಣು ಹಾಳೆಯ ಮೇಲಿದ್ದರೆ ಆಗದು, ತುಟಿಯ ಮೇಲಿರಬೇಕು. ಪರದೆಯ ಮೇಲಿನ ತುಟಿ ಮುಚ್ಚಿದಾಗ ನನ್ನ ಮಾತೂ ಮುಗಿಯಬೇಕು.

ಹೇಳುವವಳು ನಟಿಸಬಾರದು ಎಂಬುದು ಸರ್ ಹಾಕಿಕೊಟ್ಟ ನಿಯಮ. ಅಳುವ ಮಾತನ್ನೂ ನಗುವ ಮಾತನ್ನೂ ಒಂದೇ ದನಿಯಲ್ಲಿ ಹೇಳಬೇಕು; ಅಳುವುದು ಪರದೆಯ ಮೇಲಿನವರ ಕೆಲಸ. ನನ್ನ ಸ್ವಭಾವಕ್ಕೆ ಇದು ಒಪ್ಪುತ್ತದೆ. ನನ್ನ ಮುಂದಿನ ಬೆಂಚಿನಲ್ಲಿ ತಪ್ಪದೆ ಕೂರುವ ಬಳೆ ಅಂಗಡಿಯ ಚಾಚಿಗೆ ಮಾತ್ರ ಒಪ್ಪುವುದಿಲ್ಲ. ಒಮ್ಮೆ ಸಿನಿಮಾದ ನಡುವೆಯೇ ಹಿಂದೆ ತಿರುಗಿ, "ಆಕಿ ಗಂಡ ಸತ್ತಾನ, ನೀ ಬಸ್ ಸ್ಟ್ಯಾಂಡಿನಾಗ ಅನೌನ್ಸ್ ಮಾಡಿದಂಗ ಹೇಳ್ತಿ ನೋಡು ಬೇಟಿ" ಎಂದಿದ್ದಳು. ಸುತ್ತಲಿನವರೆಲ್ಲ ನಕ್ಕರು. ಪರದೆಯ ಮೇಲೆ ಆ ವಿಧವೆ ಅಳುತ್ತಲೇ ಇದ್ದಳು.

ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಸಿನಿಮಾ ಮುಗಿದ ಮೇಲಿನ ಚರ್ಚೆಯಲ್ಲಿ ಮೊದಲ ಮಾತು ಎಲ್ಲರಿಗಿಂತ ದೂರದಿಂದ ಬಂದವರದು. ಅವರು ಬಸ್ಸು ಹಿಡಿಯಬೇಕಲ್ಲ. ದೇವದುರ್ಗದವರು, ಮಾನ್ವಿಯವರು, ಆಮೇಲೆ ಯರಗೇರಾದ ವಿಶ್ವವಿದ್ಯಾಲಯ ಕ್ಯಾಂಪಸ್ಸಿನ ವಿದ್ಯಾರ್ಥಿಗಳು, ಕೊನೆಗೆ ರಾಯಚೂರಿನವರು. ಬಸ್ಸು ಹೆಂಗಸರಿಗೆ ಫ್ರೀ ಆದ ಮೇಲೆ ಆಧಾರ್ ಕಾರ್ಡು ಹಿಡಿದು ಸಿನಿಮಾಕ್ಕೆ ಬರುವ ಹೆಂಗಸರು ಹೆಚ್ಚಾದರು. ಮೊದಲ ಮಾತು ಬಹಳ ಸಲ ಅವರದೇ ಆಗುತ್ತಿತ್ತು. ಊರಿನ ವಿದ್ವಾಂಸರು ಕಾಯುತ್ತಾ ಕೂರುವುದನ್ನು ನೋಡಲು ನನಗೆ ಖುಷಿಯಾಗುತ್ತಿತ್ತು.

ನನ್ನ ಬಗ್ಗೆ ಗೋದಾಮಿನಲ್ಲಿ ಯಾರಿಗೂ ಹೆಚ್ಚು ತಿಳಿದಿರಲಿಲ್ಲ. ರಾಯಚೂರಿನಲ್ಲಿ ರೂಮು ಮಾಡಿಕೊಂಡಿದ್ದೇನೆ, ಮಾನ್ವಿಯ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಇಷ್ಟೇ. ಊರು ಕೇಳಿದರೆ ದೇವದುರ್ಗ ಎನ್ನುತ್ತೇನೆ, ಓಣಿ ಹೇಳುವುದಿಲ್ಲ. ಓಣಿ ಹೇಳಿದ ಮೇಲೆ ಕೇಳಿದವರ ದನಿ ಸ್ವಲ್ಪ ಮೆತ್ತಗಾಗುತ್ತದೆ, ಹುಷಾರಿಲ್ಲದವರನ್ನು ಮಾತಾಡಿಸಿದಂತೆ. ಆ ಮೆತ್ತಗಿನ ದನಿ ನನಗೆ ಬೈಗುಳಕ್ಕಿಂತ ಕಷ್ಟ.

ಆ ಓಣಿಯಲ್ಲಿ ನನ್ನನ್ನು ಬೆಳೆಸಿದವಳು ಸಣ್ಣವ್ವ, ಅವ್ವನ ತಂಗಿ. ಅವ್ವ ತೀರಿಕೊಂಡಾಗ ನಾನು ಸಣ್ಣವಳು. ಸಣ್ಣವ್ವ ಹತ್ತಿ ಬಿಡಿಸಿ, ಸಸಿ ಹಚ್ಚಿ ನನ್ನನ್ನು ಓದಿಸಿದಳು. ಈಗ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ದನಿ ಗಟ್ಟಿ. ಅಂಗಳದ ಆ ತುದಿಯಲ್ಲಿ ಆಡುವ ಮಕ್ಕಳಿಗೂ ತಾಟು ಹಿಡಿದು ಬರಲು ಒಂದೇ ಕೂಗು ಸಾಕು.

ನಾನು ಪಿಯುಸಿಯಲ್ಲಿದ್ದಾಗ ಮಾನ್ವಿ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಕರೆಸಿದ್ದು ಸಂಬಂಧಿಕರು, ಸಣ್ಣವ್ವನನ್ನು ಕೇಳದೆ. ನಮ್ಮ ಓಣಿಯಲ್ಲಿ ಇಂಥ ಹೊತ್ತಿನಲ್ಲಿ ಬಂದವರಿಗೆ ಚಾ ಕೊಟ್ಟರೆ ಮಾತು ಮುಂದುವರಿಯಲಿ ಎಂದರ್ಥ. ನೀರಷ್ಟೇ ಕೊಟ್ಟರೆ ಇಲ್ಲ ಎಂದರ್ಥ. ಸಣ್ಣವ್ವ ತಂಬಿಗೆಯಲ್ಲಿ ನೀರು ತಂದಿಟ್ಟು ಹೊಸ್ತಿಲಲ್ಲಿ ನಿಂತು ಹೇಳಿದಳು: "ನಮ್ಮ ಹುಡುಗಿ ಓದಾಕತ್ತಾಳ್ರಿ. ಬಂದೀರಿ, ನೀರು ಕುಡೀರಿ, ಬಂದ ದಾರಿ ಹಿಡೀರಿ." ಇಡೀ ಓಣಿಗೆ ಕೇಳಿಸಿತು. ಒಳಗೆ ಕೂತಿದ್ದ ನನಗೂ ಕೇಳಿಸಿತು. ಅವರು ಹೋದರು. ನಾನು ಓದಿದೆ, ಯರಗೇರಾದಲ್ಲಿ ಎಂ.ಎ. ಮುಗಿಸಿದೆ. ನನ್ನ ಬದುಕಿನಲ್ಲಿ ಆದದ್ದೆಲ್ಲ ಆ ಒಂದು ಮಾತಿನ ಆಚೆಗೇ ಇದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಬ್ಬ ನಿರ್ದೇಶಕ ದೇವದುರ್ಗಕ್ಕೆ ಬಂದು ನಮ್ಮ ಓಣಿಯಲ್ಲಿ ಸಿನಿಮಾ ತೆಗೆದ. ಸ್ಥಳೀಯರೇ ನಟಿಸಬೇಕು, ಅವರವರ ಮಾತನ್ನೇ ಆಡಬೇಕು ಎಂದನಂತೆ. ಸಣ್ಣವ್ವ ಗಂಡಿನವರನ್ನು ನೀರು ಕೊಟ್ಟು ಕಳಿಸಿದ ಈ ಪ್ರಸಂಗ ಹೇಳಿದಳು. ಅವನು ಕೇಳಿ ಮರುಳಾಗಿ, ಅದನ್ನೇ ತೆಗೆಯೋಣ ಅವ್ವಾ, ನಿಮ್ಮ ಮನೆಯಲ್ಲೇ, ನಿಮ್ಮ ಮಾತಿನಲ್ಲೇ ಎಂದ. ನನ್ನ ಜಾಗದಲ್ಲಿ ಬೆಂಗಳೂರಿನ ಹುಡುಗಿ. ಸಣ್ಣವ್ವ ಅವಳದೇ ಸೀರೆ ಉಟ್ಟು, ಅವಳದೇ ಹೊಸ್ತಿಲಲ್ಲಿ ನಿಂತು ಆ ಮಾತು ಹೇಳಿದಳು. ಸ್ವಲ್ಪ ಕಣ್ಣೀರು ಬರಲಿ ಎಂದು ಬಹಳ ಸಲ ಕೇಳಿಕೊಂಡರಂತೆ. "ಅಳಾಕ ಏನಾಗಿತ್ತು ನನಗ?" ಎಂದು ಫೋನಿನಲ್ಲಿ ನಕ್ಕಿದ್ದಳು.

ಆ ಸಿನಿಮಾ ಹೊರದೇಶದ ಉತ್ಸವಗಳಿಗೆ ಹೋಗಿ ಹೆಸರು ಮಾಡಿ, ಕೊನೆಗೆ ನಮ್ಮ ಗೋದಾಮಿಗೆ ಬಂತು. ಶನಿವಾರ, ಭಾನುವಾರ ಎರಡು ಪ್ರದರ್ಶನ, ಎರಡೂ ದಿನ ನಿರ್ದೇಶಕನೊಂದಿಗೆ ಸಂವಾದ. ಯಾವ ಸಿನಿಮಾವನ್ನೂ ಮೊದಲೇ ನೋಡದೆ ನಾವು ತೋರಿಸುವುದಿಲ್ಲ. ಇದನ್ನು ಮಾತ್ರ ಯಾರೂ ನೋಡಲಿಲ್ಲ. ನಮ್ಮ ಊರಿನದು, ನಮ್ಮ ಭಾಷೆಯದು, ಇದನ್ನೇನು ನೋಡುವುದು ಎಂದುಕೊಂಡೆವು. ಕನ್ನಡದ್ದಾದ್ದರಿಂದ ನಾನು ಹೇಳಬೇಕಾಗಿಯೂ ಇರಲಿಲ್ಲ.

ಸಣ್ಣವ್ವ ಶನಿವಾರವೇ ಬರುತ್ತೇನೆಂದಳು. ಓಣಿಯ ಹೆಂಗಸರನ್ನೂ ಕರೆತಂದಳು, ಮುಖ್ಯವಾಗಿ ಎದುರು ಮನೆಯಾಕೆಯನ್ನು. ಅವರು ಓಣಿಗೆ ಬಂದದ್ದು ನನ್ನನ್ನು ನೋಡಲು ಬಂದವರು ಹೋದ ಎಷ್ಟೋ ವರ್ಷದ ಮೇಲೆ. ಎದುರು ಮನೆಯಾಕೆಯ ಮಗಳು ಈಗ ಪಿಯುಸಿ ಎರಡನೇ ವರ್ಷ. ನೀರಮಾನ್ವಿ ಕಡೆಯ ಒಂದು ಸಂಬಂಧ ಬಂದಿದೆ, ಹುಡುಗನಿಗೆ ಟ್ರ್ಯಾಕ್ಟರ್ ಇದೆ, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಪರೀಕ್ಷೆ ಮುಗಿಯುವ ತನಕವೂ ಕಾಯುವುದಿಲ್ಲವಂತೆ. ಸಣ್ಣವ್ವ ಅವಳಿಗೆ ಬಾಯಿಮಾತಿನಲ್ಲಿ ಎಷ್ಟೋ ಹೇಳಿ ನೋಡಿದ್ದಳು. ಈಗ ಸಿನಿಮಾದಲ್ಲಿ ತೋರಿಸುತ್ತೇನೆ ಎಂಬ ಧೈರ್ಯದಿಂದ ಅವಳ ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಸಣ್ಣವ್ವ ಬಂದದ್ದು ಪರದೆಯ ಮೇಲೆ ತನ್ನ ಮುಖ ನೋಡಲು ಅಲ್ಲ.

ಸಿನಿಮಾ ಶುರುವಾಯಿತು. ನಮ್ಮ ಮನೆ ಕಂಡಿತು. ಗೋಡೆಯ ಮೇಲೆ ನಮ್ಮ ಮನೆಯಲ್ಲಿ ಯಾವಾಗಲೂ ಇರುವ ಬುದ್ಧನ ಫೋಟೊ ಇರಲಿಲ್ಲ. ಅದೇ ಮೊಳೆಗೆ ಯಾವುದೋ ದೇವರ ಕ್ಯಾಲೆಂಡರ್ ನೇತಾಡುತ್ತಿತ್ತು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲು, ತಮ್ಮ ತಮ್ಮ ಆಡು ಗುರುತಿಸಿ ಪಿಸುಗುಟ್ಟುತ್ತಿದ್ದರು. ಗಂಡಿನವರು ಬಂದರು. ಅವರ ಮುಂದೆ ತಟ್ಟೆಯಲ್ಲಿ ಚಾ ಬಂತು. ಸಣ್ಣವ್ವ ಬೆಂಚಿನಲ್ಲಿ ನೆಟ್ಟಗೆ ಕೂತದ್ದು ನನಗೆ ಹಿಂದಿನಿಂದ ಕಂಡಿತು.

ಪರದೆಯ ಮೇಲಿನ ಸಣ್ಣವ್ವ ಹೊಸ್ತಿಲಿಗೆ ಬಂದು ಬಾಯಿ ತೆರೆದಳು. ಬಂದದ್ದು ತೆಳ್ಳಗಿನ, ಅಳುವ ದನಿ: "ಏನ್ ಮಾಡೂದ್ರಿಯಪ್ಪಾ, ಬಡವರ ಮಕ್ಕಳಿಗಿ ಓದು ಎದಕ... ಕರಕೊಂಡು ಹೋಗ್ರಿ ನಮ್ಮ ಕೂಸಿನ್ನ."

ಅದು ರಾಯಚೂರಿನ ಮಾತಲ್ಲ, ಹುಬ್ಬಳ್ಳಿಯದೂ ಅಲ್ಲ. ಡಬ್ಬಿಂಗ್ ಕೋಣೆಯಲ್ಲಿ ಕೂತು ಉತ್ತರ ಕರ್ನಾಟಕ ಹೀಗಿರುತ್ತದೆ ಎಂದುಕೊಂಡವರ ಮಾತು. ಕ್ಯಾಮೆರಾ ಬಹುಪಾಲು ಅವಳ ಬೆನ್ನ ಹಿಂದಿತ್ತು. ಒಂದು ಗಳಿಗೆ ಮಾತ್ರ ಮುಖದ ಪಕ್ಕ ಕಂಡಿತು. ನನಗೆ ಅಷ್ಟು ಸಾಕಾಗಿತ್ತು. ತುಟಿ ನೋಡುವುದೇ ನನ್ನ ಕೆಲಸ. ಆ ತುಟಿಗಳು "ಬಂದ ದಾರಿ ಹಿಡೀರಿ" ಎನ್ನುತ್ತಿದ್ದವು. ಕಣ್ಣಲ್ಲಿ ನೀರಿರಲಿಲ್ಲ. ಅಳು ಗಾಳಿಯಲ್ಲಿತ್ತು, ಅವಳ ಮುಖದ ಪಕ್ಕದಲ್ಲಿ, ಯಾರದೋ.

ಸರ್ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ ಅತಿಥಿಗಳಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಎದುರು ಮನೆಯಾಕೆ ಸಣ್ಣವ್ವನ ಕಡೆ ಬಾಗಿ, ಪಿಸುಮಾತೆಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ಯಕ್ಕಾ, ಕಡೀಕ ನೀನೂ ಕೊಟ್ಟೇ ಬಿಟ್ಟೆಲ್ಲ. ನನಗ ಯಾಕ ಬುದ್ಧಿ ಹೇಳಾಕ ಬಂದಿದ್ದಿ?"

ಸಣ್ಣವ್ವ ಸೆರಗು ಎಳೆದುಕೊಂಡು ಪರದೆಯನ್ನೇ ನೋಡುತ್ತಾ ಕೂತಳು.

ದೀಪ ಹತ್ತಿತು. ಸರ್ ಎದ್ದು ನಿಂತು, ಈ ದಿನ ಗಣ್ಯರು ಬಂದಿರುವುದರಿಂದ ಮೊದಲು ಅವರ ಮಾತು ಕೇಳೋಣ ಎಂದರು. ರೂಢಿಯ ಬಗ್ಗೆ ಒಂದು ಮಾತೂ ಇಲ್ಲ. ಒಬ್ಬರು ಮೌನದ ಸೌಂದರ್ಯದ ಬಗ್ಗೆ ಮಾತಾಡಿದರು. ಇನ್ನೊಬ್ಬರು ಆ ತಾಯಿಯ ಅಸಹಾಯಕ ಕಣ್ಣುಗಳ ಬಗ್ಗೆ ಮಾತಾಡಿದರು. ಆ ಕಣ್ಣುಗಳು ಎರಡು ಬೆಂಚು ಹಿಂದೆ ಕೂತು ಅವರನ್ನೇ ನೋಡುತ್ತಿದ್ದವು. ಓಣಿಯ ಹೆಂಗಸರು ಬಸ್ಸಿನ ಹೊತ್ತಾಯಿತೆಂದು ಚೀಲ ಹುಡುಕತೊಡಗಿದರು. ಸಣ್ಣವ್ವ ಕೈ ಎತ್ತಿದಳು. ಸರ್ ನೋಡಿದರು, ಮುಗುಳ್ನಕ್ಕರು, ಆಮೇಲೆ ಎಂಬಂತೆ ಕೈ ಮಾಡಿದರು.

ನಾನು ನನ್ನ ಮೇಜಿಗೆ ಹೋಗಿ ಮೈಕ್ ಒತ್ತಿದೆ. "ದೂರದಿಂದ ಬಂದವರದು ಮೊದಲ ಮಾತು. ದೇವದುರ್ಗದ ಬಸ್ಸಿಗೆ ಹೊತ್ತಾಗಿದೆ. ಅಲ್ಲಿ ಕೈ ಎತ್ತಿರುವವರು ನಮ್ಮ ಸಣ್ಣವ್ವ. ಸಿನಿಮಾದಲ್ಲಿರುವವರೂ ಅವರೇ. ಆ ಮನೆ ನಮ್ಮದು."

ಇಡೀ ಗೋದಾಮು ಹಿಂದೆ ತಿರುಗಿತು. ಕತ್ತಲಲ್ಲಿ ಅಷ್ಟು ವರ್ಷ ನನ್ನ ದನಿ ಕೇಳಿದವರಲ್ಲಿ ಅನೇಕರು ನನ್ನ ಮುಖ ನೋಡಿದ್ದು ಆವತ್ತೇ. ಓಣಿಯನ್ನೂ ಆವತ್ತೇ ಹೇಳಿದಂತಾಯಿತು. ಸಿಟ್ಟಿನಿಂದ ಒಂದು ಲಾಭ ಇದೆ, ನಾಚಿಕೆಗೆ ಜಾಗ ಉಳಿಯುವುದಿಲ್ಲ.

ಸಣ್ಣವ್ವನಿಗೆ ಯಾರೂ ಮೈಕ್ ಕೊಡಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಎದ್ದು ನಿಂತು ನಿರ್ದೇಶಕನನ್ನು ಕೇಳಿದಳು: "ಯಪ್ಪಾ, ಸೀರಿ ನಂದು, ಮನಿ ನಂದು, ಮಾರಿ ನಂದು. ಬಾಯಿ ಯಾರದು?"

ಯಾರೋ ನಕ್ಕರು. ನಿರ್ದೇಶಕನೂ ನಕ್ಕ. ಬಹಳ ಸಮಾಧಾನದಿಂದ, ಮಗುವಿಗೆ ಹೇಳುವಂತೆ ವಿವರಿಸಿದ. ಅವಳ ದನಿ ಬಹಳ ಗಟ್ಟಿಯಾಗಿತ್ತಂತೆ, ಪಾತ್ರಕ್ಕೆ ಮೃದುತ್ವ ಬೇಕಿತ್ತಂತೆ. ಕತೆಯ ಅಗತ್ಯ ಎಂಬುದೊಂದು ಇರುತ್ತದಂತೆ. "ಆ ತಾಯಿ ಇಲ್ಲ ಅಂದುಬಿಟ್ಟರೆ ಸಿನಿಮಾ ಅಲ್ಲೇ ಮುಗಿದುಹೋಗುತ್ತದಲ್ಲ ಅಮ್ಮಾ" ಎಂದ.

"ಮುಗೀಲಿ ಬಿಡ್ರೀ" ಎಂದಳು ಸಣ್ಣವ್ವ. "ನಮ್ಮ ಮನ್ಯಾಗ ಅಲ್ಲೇ ಮುಗೀತು."

ಇಷ್ಟು ಹೇಳಿ ಚೀಲ ಎತ್ತಿಕೊಂಡು ಹೊರಟಳು. ಹೆಂಗಸರೆಲ್ಲ ಹಿಂದೆ ಹೋದರು. ನಾನು ಬಸ್ ಸ್ಟ್ಯಾಂಡಿನ ತನಕ ಹೋದೆ. ಆಟೊದಲ್ಲಿ ಎದುರು ಮನೆಯಾಕೆ ಹೊರಗೆ ನೋಡುತ್ತಾ ಕೂತಿದ್ದಳು. ಸಣ್ಣವ್ವನ ಪ್ರಶ್ನೆ ಅವಳಿಗೆ ಅರ್ಥವಾದಂತಿರಲಿಲ್ಲ. ಅವಳು ಕಣ್ಣಾರೆ ನೋಡಿದ್ದಳು, ಕಿವಿಯಾರೆ ಕೇಳಿದ್ದಳು. ಸಿನಿಮಾದಲ್ಲಿ ಬಂದದ್ದಕ್ಕಿಂತ ಬಸ್ಸಿಗೆ ಓಡುವ ಮುಂಚೆ ಆಡಿದ ಎರಡು ಮಾತು ದೊಡ್ಡದೇ?

ನಾನು ಮತ್ತೆ ಗೋದಾಮಿಗೆ ಬಂದು ಸರ್ ಅವರನ್ನು ಕಂಡೆ. ಭಾನುವಾರದ ಪ್ರದರ್ಶನದಲ್ಲಿ ಆ ಒಂದು ಜಾಗದಲ್ಲಿ ಸದ್ದು ತಗ್ಗಿಸಿ ಸಣ್ಣವ್ವ ನಿಜವಾಗಿ ಆಡಿದ್ದನ್ನು ಹೇಳುತ್ತೇನೆ ಎಂದೆ. ಅವರಿಗೆ ಬೇಸರವಾಗಿತ್ತು, ನಿರ್ದೇಶಕನ ಮೇಲಲ್ಲ, ನನ್ನ ಮೇಲೆ. ಕೃತಿ ಕಲಾವಿದನದು, ಅದರಲ್ಲಿ ಕೈಹಾಕುವ ಹಕ್ಕು ನಮಗಿಲ್ಲ, ಬೇಕಾದರೆ ವಿಷಯವನ್ನು ಬಳಗದ ಸಭೆಯಲ್ಲಿ ಇಡೋಣ ಎಂದರು. ಆಮೇಲೆ ದನಿ ಮೆತ್ತಗೆ ಮಾಡಿ, "ನೀನು ಮೊದಲೇ ಹೇಳಬೇಕಿತ್ತಮ್ಮ. ನಿಮ್ಮಂಥವರು ಮುಂದೆ ಬರಬೇಕು ಅಂತಲೇ ಅಲ್ಲವೇ ನಾವು ಇದನ್ನೆಲ್ಲ ಮಾಡೋದು?" ಎಂದರು.

ನಿಮ್ಮಂಥವರು. ನಾನು ಅವರ ತರಗತಿಯಲ್ಲಿ ಕೂತು ಓದಿದವಳು. ಅವರ ಗೋದಾಮಿನಲ್ಲಿ ಜಗತ್ತಿನ ಎಷ್ಟೋ ದೇಶದವರ ಮಾತನ್ನು ಕನ್ನಡಕ್ಕೆ ತಂದವಳು. ಓಣಿಯ ಹೆಸರು ತಿಳಿದ ಸಂಜೆಯೇ ನಾನು ನಿಮ್ಮಂಥವರಾದೆ. ನಿರ್ದೇಶಕನನ್ನು ಒಂದು ದಿನ ಮರೆಯಬಲ್ಲೆ, ಅವನು ಹೊರಗಿನವನು. ಸರ್ ಅವರ ಆ ದನಿಯನ್ನು ಮರೆಯುವುದಿಲ್ಲ.

ಭಾನುವಾರ ನಾನು ನನ್ನ ಜಾಗದಲ್ಲಿ ಕೂತೆ. ಕನ್ನಡ ಸಿನಿಮಾಕ್ಕೆ ನೀನ್ಯಾಕೆ ಎಂದು ಯಾರೂ ಕೇಳಲಿಲ್ಲ. ಹೊಸ್ತಿಲಿನ ದೃಶ್ಯ ಬಂತು. ಗುಂಡಿ ತಿರುಗಿಸಿ ಸದ್ದನ್ನು ಪೂರ್ತಿ ತಗ್ಗಿಸಿದೆ. ಸಣ್ಣವ್ವನ ತುಟಿ ಅಲ್ಲಾಡಿದಾಗ ಮೈಕಿನಲ್ಲಿ ಹೇಳಿದೆ: "ನಮ್ಮ ಹುಡುಗಿ ಓದಾಕತ್ತಾಳ್ರಿ. ಬಂದೀರಿ, ನೀರು ಕುಡೀರಿ, ಬಂದ ದಾರಿ ಹಿಡೀರಿ." ಮಾತು ತುಟಿಗೆ ಸರಿಯಾಗಿ ಕೂತಿತು, ಕೂರದೆ ಏನು, ಅದು ಆ ತುಟಿಯದೇ ಮಾತು. ಮುಂದಿನ ದೃಶ್ಯದಲ್ಲಿ ಹುಡುಗಿ ಮದುವಣಗಿತ್ತಿಯಾಗಿ ಕೂತದ್ದು ಕಂಡಾಗ, "ಹಾಂ? ಇಲ್ಲ ಅಂದಳಲ್ಲ?" ಎಂದು ಚಾಚಿ ಗಟ್ಟಿಯಾಗಿಯೇ ಕೇಳಿದಳು. ಆ ಪ್ರಶ್ನೆ ಯಾರಾದರೂ ಕೇಳಲೆಂದೇ ನಾನು ಕಾಯುತ್ತಿದ್ದೆ.

ನಿರ್ದೇಶಕ ಕತ್ತಲಲ್ಲೇ ಎದ್ದು ಬಂದ. ಹಿಂದಿನ ದಿನದ ಸಮಾಧಾನ ಇರಲಿಲ್ಲ. ಇದು ನನ್ನ ಸಿನಿಮಾ ಎಂದ. ಹೌದು, ಆದರೆ ಮಾತು ನಮ್ಮ ಸಣ್ಣವ್ವನದು ಎಂದೆ. ಸರ್ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಸ್ವಲ್ಪ ದಿನ ಹೇಳುವ ಕೆಲಸ ಬೇರೆಯವರು ನೋಡಿಕೊಳ್ಳಲಿ, ಎಲ್ಲ ತಣ್ಣಗಾಗಲಿ ಎಂದರು. ಅಲ್ಲಿಂದ ಈಚೆಗೆ ಗೋದಾಮಿನಲ್ಲಿ ಪರಭಾಷೆಯ ಸಿನಿಮಾಗಳು ಯಾರೂ ಹೇಳದೆ ಓಡುತ್ತಿವೆಯಂತೆ. ಚಾಚಿ ಹೋಗುವುದು ಬಿಟ್ಟಿದ್ದಾಳೆ. ಬಸ್ ಸ್ಟ್ಯಾಂಡಿನ ಅನೌನ್ಸೂ ಇಲ್ಲದಂಗಾತು ಎಂದು ಅಂಗಡಿಗೆ ಹೋದಾಗ ನನ್ನನ್ನೇ ಬೈದಳು.

ಮರುವಾರ ದೇವದುರ್ಗಕ್ಕೆ ಹೋದೆ. ಎದುರು ಮನೆಗೆ ಬರುವ ಗುರುವಾರವೇ ಗಂಡಿನವರು ಬರುವುದು ಎಂದು ಸಣ್ಣವ್ವ ಹೇಳಿದಳು. ಎದುರು ಮನೆಯಾಕೆ ಅವಳೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾನು ಭಾನುವಾರದ್ದನ್ನೆಲ್ಲ ಹೇಳಿದೆ. ಸಣ್ಣವ್ವ ಅಕ್ಕಿ ಆರಿಸುತ್ತಾ ಕೇಳಿದಳು. ಆಮೇಲೆ ಕೇಳಿದಳು:

"ನನ್ನಂಗ ಹೇಳಿದಿ ಏನ್ ಬೇ, ನಿನ್ನಂಗ ಹೇಳಿದಿ?"

ಹೇಳಿ ತೋರಿಸು ಎಂದಳು. ನಾನು ಗೋದಾಮಿನಲ್ಲಿ ಹೇಳಿದಂತೆಯೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ ಹೇಳಿದೆ. ಸಣ್ಣವ್ವ ಮೊರ ಕೆಳಗಿಟ್ಟು ನಕ್ಕಳು.

"ಹಿಂಗ ಹೇಳಿದ್ದಿದ್ರ ಅವರು ಚಾ ಬರತದ ಅಂತ ಕಾಯ್ಕೊಂತ ಕುಂತಿರ್ತಿದ್ರು."

ಅವಳ ನಗು ನನಗೆ ಚುಚ್ಚಿತು. ಆದರೆ ಅವಳು ಹೇಳಿದ್ದು ನಿಜ. ಮಾತನ್ನು ನಾನು ಸರಿಯಾಗಿ ಇಟ್ಟಿದ್ದೆ, ಅದರ ಸಿಟ್ಟನ್ನು ಇಟ್ಟಿರಲಿಲ್ಲ. ಅದು ನನ್ನಲ್ಲಿ ಇಲ್ಲದ್ದೇನೂ ಅಲ್ಲ.

ಸಣ್ಣವ್ವ ಎದ್ದಳು. ಸೆರಗು ಸಿಕ್ಕಿಸಿಕೊಂಡು ಹೊಸ್ತಿಲಿಗೆ ಹೋಗಿ ನಿಂತಳು. ಎದುರಿನ ಕಟ್ಟೆಯ ಮೇಲೆ ಆ ಮನೆಯಾಕೆ ಪಾತ್ರೆ ತಿಕ್ಕುತ್ತಿದ್ದಳು. ಒಳಗಿನಿಂದ ಅವಳ ಮಗಳು ಪಾಠ ಉರು ಹೊಡೆಯುವ ಸದ್ದು ಬರುತ್ತಿತ್ತು. ಸಣ್ಣವ್ವ ನನಗೆ ಹೇಳಿಕೊಡುವ ನೆಪದಲ್ಲಿ, ಆದರೆ ನನ್ನ ಕಡೆ ನೋಡದೆ, ಆ ಮಾತನ್ನು ಮೊದಲಿಂದ ಕೊನೆಯ ತನಕ ಹೇಳಿದಳು. ಆವತ್ತಿನಷ್ಟೇ ಗಟ್ಟಿಯಾಗಿ. ಓಣಿಯ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಒಳಗಿನ ಉರು ನಿಂತಿತು.

ಎದುರು ಮನೆಯಾಕೆ ಕೈಯಲ್ಲಿದ್ದ ತಂಬಿಗೆ ತೊಳೆದು ಬೋರಲು ಹಾಕಿ, ತಲೆ ಎತ್ತದೆ ಹೇಳಿದಳು:

"ಕೇಳಿಸ್ತು ಬಿಡಕ್ಕಾ, ನಾ ಏನು ಕಿವುಡಿ ಅಲ್ಲ. ಗುರುವಾರ ನಮ್ಮ ಮನಿಗೆ ಬಂದು ಕುಂದ್ರು. ನೀರು ತುಂಬಿ ಇಟ್ಟಿರ್ತೀನಿ."